ಡೀಬಗ್ ಅಂತ ಒಂದು ಸ್ವಿಚ್ ಇಲ್ಲ

(ಇಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಫ್ಲ್ಯಾಗುಗಳನ್ನು ಬಾಯಲ್ಲಿ ಹೇಗೆ ಹೇಳುತ್ತೇವೋ ಹಾಗೆಯೇ ಬರೆದಿದ್ದೇನೆ. ಬೋರ್ಡಿನ ಮೇಲೆ ಬರೆದ ಕೋಡಿನಲ್ಲಿ ಹೆಸರುಗಳನ್ನೂ ಕನ್ನಡಕ್ಕೆ ತಂದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತು, ಅದರ ಮೇಲೆ ಕಂಪೈಲರ್ ಫ್ಲ್ಯಾಗಿನ ವಿಷಯ, ಅಂದರೆ ನಾವು ಬರೆದ ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಪ್ರೋಗ್ರಾಮಿಗೆ ಕೊಡುವ ಸೂಚನೆಗಳು. ನಿದ್ದೆ ಬಂದರೆ ತಪ್ಪು ನಿಮ್ಮದಲ್ಲ. ಅದಕ್ಕೇ ಮೊದಲು ನನ್ನ ಮರ್ಯಾದೆ ಹೋದ ಕಥೆ ಹೇಳಿಬಿಡುತ್ತೇನೆ. ಬೇರೆಯವರ ಮರ್ಯಾದೆ ಹೋದ ಕಥೆ ಕೇಳುವಾಗ ಯಾರಿಗೂ ನಿದ್ದೆ ಬರುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸತು. ಒಂದು ಸಣ್ಣ ಕಂಪನಿಯಲ್ಲಿ ತೂಕದ ಯಂತ್ರಕ್ಕೆ ಫರ್ಮ್‌ವೇರ್, ಅಂದರೆ ಯಂತ್ರದೊಳಗೇ ಓಡುವ ಪ್ರೋಗ್ರಾಂ, ಬರೆಯುತ್ತಿದ್ದೆ. ಹಳ್ಳಿಯ ಹಾಲಿನ ಡೇರಿಯಲ್ಲಿ ಕ್ಯಾನ್ ಇಟ್ಟರೆ ಕೆಂಪು ಅಂಕಿಯಲ್ಲಿ ತೂಕ ತೋರಿಸುತ್ತದಲ್ಲ, ಅಂಥದ್ದು. ಯಂತ್ರವನ್ನು ಕೂರಿಸುವಾಗ ತೂಕದ ಬಟ್ಟು ಇಟ್ಟು ಕ್ಯಾಲಿಬ್ರೇಶನ್ ಮಾಡುತ್ತಾರೆ. ಆಗ ಸಿಕ್ಕ ಒಂದು ಸಂಖ್ಯೆಯನ್ನು ಫ್ಲ್ಯಾಶ್ ಮೆಮೊರಿಗೆ ಬರೆದಿಡಬೇಕು. ಕರೆಂಟ್ ಹೋಗಿ ಬಂದಾಗ ಅಲ್ಲಿಂದ ಓದಿಕೊಳ್ಳಬೇಕು. ಇಷ್ಟೇ ಕೆಲಸ. ಆಫೀಸಿನ ಮೇಜಿನ ಮೇಲೆ ಎರಡು ತಿಂಗಳು ಓಡಿತು. ಪ್ಲಗ್ ಕಿತ್ತು ಹಾಕಿ, ಕಿತ್ತು ಹಾಕಿ ನೋಡಿದ್ದೆವು. ಏನೂ ತೊಂದರೆ ಇಲ್ಲ.

ಹೊರಗೆ ಕಳಿಸಿದ ವಾರದಲ್ಲೇ ಫೋನು. ‘ಬೆಳಗ್ಗೆ ಸರಿಯಾಗಿ ತೋರಿಸ್ತಿತ್ತು ಸರ್, ಮಧ್ಯಾಹ್ನ ಕರೆಂಟ್ ಹೋಗಿ ಬಂತು, ಈಗ ಖಾಲಿ ಕ್ಯಾನಿಗೇ ನಾಲ್ಕು ಕೆಜಿ ಅಂತಿದೆ.’ ವಾಪಸ್ ತರಿಸಿ ಮೇಜಿನ ಮೇಲಿಟ್ಟು, ನನ್ನ ಲ್ಯಾಪ್‌ಟಾಪಿನಿಂದ ಅದೇ ಕೋಡ್ ಮತ್ತೆ ಹಾಕಿದರೆ ಸರಿಯಾಗಿ ಕೆಲಸ ಮಾಡುತ್ತದೆ. ಕಳಿಸಿದರೆ ಮತ್ತೆ ಕೆಡುತ್ತದೆ. ಮೂರು ದಿನ ಫ್ಲ್ಯಾಶ್ ಚಿಪ್ಪನ್ನು ಬೈದೆ, ಒಂದು ದಿನ ಕರೆಂಟನ್ನು ಬೈದೆ. ಐದನೇ ದಿನ ಸಿಕ್ಕಿದ್ದು ನಾನೇ ಬರೆದ ಈ ಸಾಲು:

ಅಸರ್ಟ್(ಕ್ಯಾಲಿಬ್ರೇಶನ್_ಉಳಿಸು(ಬೆಲೆ) == ಸರಿ);

ಉಳಿಸುವ ಫಂಕ್ಷನ್ ಕರೆ, ಅದು ಸರಿ ಎನ್ನಲಿಲ್ಲವಾದರೆ ಅಲ್ಲೇ ನಿಂತುಬಿಡು. ಒಂದೇ ಸಾಲಿನಲ್ಲಿ ಎರಡು ಕೆಲಸ ಮುಗಿಸಿದೆ ಅಂತ ಬರೆದಾಗ ಬೀಗಿದ್ದೂ ನೆನಪಿದೆ. ಗ್ರಾಹಕರಿಗೆ ಹೋದ ಬಿಲ್ಡಿನಲ್ಲಿ, ಅಂದರೆ ಕೋಡನ್ನು ಕಂಪೈಲ್ ಮಾಡಿ ತಯಾರಿಸಿದ ಪ್ರೋಗ್ರಾಮಿನಲ್ಲಿ, ಈ ಸಾಲೇ ಇರಲಿಲ್ಲ. ಯಾರೂ ಅಳಿಸಿರಲಿಲ್ಲ. ಕೋಡ್ ಅದೇ. ಬಿಲ್ಡ್ ಮಾಡುವ ಕಾನ್ಫಿಗರೇಶನ್ ಮಾತ್ರ ಬೇರೆ.

ಇದು ಹೇಗೆ ಅಂತ ಬಿಡಿಸಿ ನೋಡೋಣ. ಅಸರ್ಟ್ ಎನ್ನುವುದು ಫಂಕ್ಷನ್ ಅಲ್ಲ, ಮ್ಯಾಕ್ರೊ, ಅಂದರೆ ಕಂಪೈಲ್ ಆಗುವ ಮೊದಲೇ ಬೇರೆ ಕೋಡಾಗಿ ಬದಲಾಗುವ ಹೆಸರು. ಸಿ ಭಾಷೆಯ ಮೊದಲ ಸ್ಟ್ಯಾಂಡರ್ಡ್ ಬಂದಿದ್ದು 1989ರಲ್ಲಿ. ಅಂದಿನಿಂದಲೇ ಇರುವ ನಿಯಮ ಇದು: ಅಸರ್ಟ್ ಹೆಡರನ್ನು ಸೇರಿಸಿಕೊಳ್ಳುವ ಹೊತ್ತಿಗೆ ಎನ್‌ಡೀಬಗ್ ಎಂಬ ಹೆಸರು ಡಿಫೈನ್ ಆಗಿದ್ದರೆ, ಅಸರ್ಟ್ ಎಂದು ಬರೆದ ಕಡೆಯಲ್ಲೆಲ್ಲ ಏನೂ ಮಾಡದ ಒಂದು ಸೊನ್ನೆ ಬಂದು ಕೂರುತ್ತದೆ. ಬ್ರಾಕೆಟ್ಟಿನ ಒಳಗೆ ಏನೇ ಬರೆದಿರಲಿ, ಅದು ಕಂಪೈಲರಿನ ಕಣ್ಣಿಗೇ ಬೀಳುವುದಿಲ್ಲ. ಕಂಪೈಲರಿಗೆ ಕೊಡುವ ಮುಂಚೆ ಕೋಡನ್ನು ಹದ ಮಾಡುವ ಪ್ರಿಪ್ರೊಸೆಸರ್ ಅದನ್ನು ಮೊದಲೇ ಗುಡಿಸಿ ಹಾಕಿರುತ್ತದೆ. ನನ್ನ ಉಳಿಸುವ ಕೆಲಸವೂ ಕಸದ ಜೊತೆಗೆ ಹೋಯಿತು.

ಹೆಸರನ್ನೂ ಗಮನಿಸಿ. ಎನ್ ಅಂದರೆ ‘ಅಲ್ಲ’. ಡೀಬಗ್ ಅಲ್ಲ. ಅಂದರೆ ಸಿ ಭಾಷೆಯ ಪ್ರಕಾರ ಪರೀಕ್ಷೆ ಇರುವುದೇ ಸಹಜ ಸ್ಥಿತಿ. ಬೇಡ ಎನ್ನುವವರು ಬಾಯಿ ಬಿಟ್ಟು ಬೇಡ ಅನ್ನಬೇಕು. ಹಾಗಾದರೆ ನನ್ನ ಪರವಾಗಿ ಬೇಡ ಅಂದವರು ಯಾರು? ನಾನು ಎಲ್ಲೂ ಬರೆದಿರಲಿಲ್ಲ. ಬರೆದದ್ದು ಸಿಮೇಕ್, ಬಿಲ್ಡ್ ಹೇಗೆ ಮಾಡಬೇಕು ಎನ್ನುವ ಫೈಲುಗಳನ್ನು ತಯಾರಿಸಿಕೊಡುವ ಸಲಕರಣೆ.

ಇಲ್ಲಿ ಎಷ್ಟು ಜನ ಸಿಮೇಕ್ ಬಳಸಿದ್ದೀರಿ? ಸರಿ, ಅರ್ಧಕ್ಕಿಂತ ಹೆಚ್ಚು. ಬಿಲ್ಡ್ ಟೈಪ್‌ಗಳ ಹೆಸರು ಗೊತ್ತಿರುವವರು? ಪರವಾಗಿಲ್ಲ. ಅವು ಯಾವ ಫ್ಲ್ಯಾಗ್ ಹಾಕುತ್ತವೆ ಅಂತ ಗೊತ್ತಿರುವವರು? ನೋಡಿ, ಕೈಗಳೆಲ್ಲ ಕೆಳಗೆ. ನಾನೂ ಆಗ ನಿಮ್ಮ ಸಾಲಿನಲ್ಲೇ ಕೂತಿದ್ದೆ.

ಜಿಸಿಸಿ ಅಥವಾ ಕ್ಲ್ಯಾಂಗ್ ಎಂಬ ಕಂಪೈಲರ್ ಜೊತೆ ಬಳಸಿದರೆ ಹೀಗೆ. ಡೀಬಗ್ ಅಂದರೆ -ಜಿ (ಡೀಬಗ್ ಮಾಹಿತಿ ಸೇರಿಸು), ಅಷ್ಟೇ. ಗ್ರಾಹಕರಿಗೆ ಕಳಿಸುವ ರಿಲೀಸ್ ಅಂದರೆ -ಓ3 (ಕೋಡನ್ನು ಆದಷ್ಟು ಚುರುಕು ಮಾಡು), ಜೊತೆಗೆ ಆ ಹೆಸರನ್ನು ಡಿಫೈನ್ ಮಾಡುವ -ಡಿ ಎನ್‌ಡೀಬಗ್. ರೆಲ್‌ವಿತ್‌ಡೆಬ್‌ಇನ್ಫೊ ಎನ್ನುವ ಬಾಯಿ ತಿರುಗದ ಹೆಸರಿನದಕ್ಕೆ -ಓ2, -ಜಿ ಮತ್ತು -ಡಿ ಎನ್‌ಡೀಬಗ್. ಮಿನ್‌ಸೈಜ್‌ರೆಲ್‌ಗೆ -ಓಎಸ್ ಮತ್ತು ಮತ್ತದೇ ಎನ್‌ಡೀಬಗ್. ಹೆಸರಿನಲ್ಲೇ ‘ಡೀಬಗ್ ಮಾಹಿತಿ ಸಹಿತ’ ಅಂತ ಇರುವ ಬಿಲ್ಡಿನಲ್ಲೂ ಅಸರ್ಟ್ ಆಫ್ ಆಗಿರುತ್ತದೆ. ಇದು ಗೊತ್ತಾದ ದಿನ ನಾನು ಕುರ್ಚಿಯಿಂದ ಎದ್ದು ಹೋಗಿ ಟೀ ಕುಡಿದು ಬಂದೆ.

ಇನ್ನೊಂದು ಇದೆ, ಹೆಸರೇ ಇಲ್ಲದ ಐದನೆಯದು. ನೀವು ಬಿಲ್ಡ್ ಟೈಪ್ ಹೇಳದೆ ಹೋದರೆ, ಮೇಕ್‌ಫೈಲ್ ಅಥವಾ ನಿಂಜಾ ಎಂಬ ಬಿಲ್ಡ್ ಸಲಕರಣೆಗಳ ಜೊತೆ ಅದು ಖಾಲಿ ಉಳಿಯುತ್ತದೆ. ಖಾಲಿ ಅಂದರೆ ಆಪ್ಟಿಮೈಸೇಶನ್ನೂ (ಕೋಡನ್ನು ಚುರುಕು ಮಾಡುವುದು) ಇಲ್ಲ, ಡೀಬಗ್ ಮಾಹಿತಿಯೂ ಇಲ್ಲ. ‘ಸರ್, ಪೈಥಾನಿನಲ್ಲಿ ಬರೆದಿದ್ದನ್ನು ಸಿ ಪ್ಲಸ್ ಪ್ಲಸ್‌ಗೆ ಬದಲಾಯಿಸಿದೆ, ವೇಗ ಅಷ್ಟೇನೂ ಹೆಚ್ಚಲಿಲ್ಲ’ ಅಂತ ಯಾರಾದರೂ ಬಂದರೆ ನಾನು ಕೋಡ್ ನೋಡುವುದಕ್ಕೆ ಮುಂಚೆ ಇದನ್ನೇ ನೋಡುತ್ತೇನೆ. ಹೆಚ್ಚಿನ ಸಲ ಅಲ್ಲಿಗೇ ಮುಗಿಯುತ್ತದೆ.

ಈಗ ನಾನು ಹೇಳಬೇಕಾದ್ದಕ್ಕೆ ಬರುತ್ತೇನೆ. ನಾವು ‘ಡೀಬಗ್ ಬಿಲ್ಡ್’, ‘ರಿಲೀಸ್ ಬಿಲ್ಡ್’ ಅಂತ ಎರಡು ಹೆಸರು ಇಟ್ಟುಕೊಂಡು, ನಡುವೆ ಒಂದು ಸ್ವಿಚ್ ಇದೆ ಅಂದುಕೊಂಡಿದ್ದೇವೆ. ಇರುವುದು ಒಂದಲ್ಲ, ಮೂರು. ಆಪ್ಟಿಮೈಸೇಶನ್ ಎಷ್ಟು ಎನ್ನುವುದು ಒಂದು, ಅದು ಓ ಫ್ಲ್ಯಾಗ್. ಡೀಬಗ್ ಮಾಹಿತಿ ಬೇಕೇ ಎನ್ನುವುದು ಇನ್ನೊಂದು, ಅದು -ಜಿ. ಕೋಡಿನೊಳಗಿನ ಪರೀಕ್ಷೆಗಳು ಓಡಬೇಕೇ ಎನ್ನುವುದು ಮಗದೊಂದು, ಅದು ಎನ್‌ಡೀಬಗ್ ಮತ್ತು ಅದರ ನೆಂಟರಿಷ್ಟರಾದ ಮ್ಯಾಕ್ರೊಗಳು. ಮೂರಕ್ಕೂ ಒಂದಕ್ಕೊಂದು ಸಂಬಂಧವಿಲ್ಲ. ಯಾರೋ ಎಂದೋ ಮೂರನ್ನೂ ಒಂದೇ ಹಗ್ಗದಲ್ಲಿ ಕಟ್ಟಿದರು, ನಾವು ಆ ಹಗ್ಗ ಹಿಡಿದು ಎಳೆಯುತ್ತಿದ್ದೇವೆ.

-ಜಿ ಬಗ್ಗೆ ಇರುವ ಹೆದರಿಕೆ ಮೊದಲು ಹೋಗಲಿ. ‘ಡೀಬಗ್ ಮಾಹಿತಿ ಹಾಕಿದರೆ ಪ್ರೋಗ್ರಾಂ ನಿಧಾನ ಆಗುತ್ತೆ’ ಅಂತ ಇಂದಿಗೂ ಹೇಳುವವರಿದ್ದಾರೆ. ಲಿನಕ್ಸಿನಲ್ಲಿ ಎಲ್ಫ್ ಎಂಬ ಫೈಲ್ ರೂಪ ಇದೆ. ಅದರೊಳಗೆ ಡೀಬಗ್ ಮಾಹಿತಿ ಬೇರೆಯೇ ವಿಭಾಗಗಳಲ್ಲಿ ಕೂತಿರುತ್ತದೆ. ಆ ಮಾಹಿತಿಯ ರೂಪಕ್ಕೆ ಡ್ವಾರ್ಫ್ ಎಂದು ಹೆಸರಿಟ್ಟರು. ಎಲ್ಫ್ ಇದ್ದ ಮೇಲೆ ಡ್ವಾರ್ಫ್ ಇರಬೇಡವೇ? ಅವರ ತಮಾಷೆ ಅದು. ಪ್ರೋಗ್ರಾಂ ಓಡುವಾಗ ಈ ವಿಭಾಗಗಳು ಮೆಮೊರಿಗೆ ಬರುವುದೇ ಇಲ್ಲ. ಡಿಸ್ಕಿನಲ್ಲಿ ಫೈಲ್ ದಪ್ಪ ಆಗುತ್ತದೆ, ಅಷ್ಟೇ. ದಪ್ಪ ಬೇಡವಾದರೆ ಮಾಹಿತಿಯನ್ನು ಬೇರೆ ಫೈಲಿಗೆ ತೆಗೆದಿಟ್ಟುಕೊಂಡು, ಉಳಿದದ್ದನ್ನು ಸ್ಟ್ರಿಪ್ ಮಾಡಿ ಕಳಿಸಿ. ಲಿನಕ್ಸನ್ನು ಜೋಡಿಸಿ ಹಂಚುವ ಡೆಬಿಯನ್, ಫೆಡೋರಾದವರು ಮಾಡುವುದೂ ಹೀಗೆಯೇ. ಡೀಬಗ್ ಸಿಂಬಲ್‌ಗಳ ಪ್ಯಾಕೇಜೇ ಬೇರೆ ಇರುತ್ತದೆ. ಆರು ತಿಂಗಳು ಕಳೆದು ಎಲ್ಲೋ ಒಂದು ಕಡೆ ಕ್ರ್ಯಾಶ್ ಆಗಿ ಒಂದು ವಿಳಾಸ ಮಾತ್ರ ಕೈಗೆ ಸಿಕ್ಕಾಗ, ಅದು ಯಾವ ಫೈಲಿನ ಯಾವ ಸಾಲು ಅಂತ ಹೇಳುವುದು ಈ ಮಾಹಿತಿ. ಹಾಗಾಗಿ ನನ್ನ ಮಟ್ಟಿಗೆ -ಜಿ ಯಾವ ಬಿಲ್ಡಿನಲ್ಲೂ ಆಫ್ ಆಗುವುದಿಲ್ಲ.

ಒಂದು ಮಾತು ಮಾತ್ರ. -ಓ2 ಜೊತೆ -ಜಿ ಹಾಕಿ ಡೀಬಗರಿನಲ್ಲಿ ನೋಡಿದರೆ ಸಾಲುಗಳು ಹಿಂದೆ ಮುಂದೆ ಜಿಗಿಯುತ್ತವೆ; ವೇರಿಯಬಲ್ ಕೇಳಿದರೆ ‘ಆಪ್ಟಿಮೈಸ್ಡ್ ಔಟ್’ ಅನ್ನುತ್ತದೆ. ಡೀಬಗರ್ ಸುಳ್ಳು ಹೇಳುತ್ತಿಲ್ಲ, ಆ ವೇರಿಯಬಲ್ ನಿಜಕ್ಕೂ ಅಲ್ಲಿಲ್ಲ. ಇದಕ್ಕಾಗಿಯೇ ಜಿಸಿಸಿಯವರು 2013ರಲ್ಲಿ ಬಂದ 4.8ರಲ್ಲಿ -ಓಜಿ ಅಂತ ಒಂದನ್ನು ಸೇರಿಸಿದರು: ಡೀಬಗ್ ಮಾಡುವವರಿಗೆ ಅಡ್ಡ ಬರದಷ್ಟು ಆಪ್ಟಿಮೈಸೇಶನ್.

ಓ ಫ್ಲ್ಯಾಗಿಗೆ ಬಂದರೆ ವಿಷಯ ಗಂಭೀರವಾಗುತ್ತದೆ. ‘ಡೀಬಗ್‌ನಲ್ಲಿ ಓಡುತ್ತೆ, ರಿಲೀಸ್‌ನಲ್ಲಿ ಬೀಳುತ್ತೆ, ಕಂಪೈಲರಿನಲ್ಲೇ ಬಗ್ ಇದೆ ಸರ್.’ ಈ ಮಾತನ್ನು ನಾನು ನೂರು ಸಲ ಕೇಳಿರಬಹುದು. ಕಂಪೈಲರಿನಲ್ಲಿ ಬಗ್ ಇದ್ದದ್ದು ಕೈಬೆರಳಲ್ಲಿ ಎಣಿಸುವಷ್ಟು. ಮಿಕ್ಕದ್ದೆಲ್ಲ ನಮ್ಮದೇ ಕೋಡಿನಲ್ಲಿ ಮೊದಲಿಂದ ಇದ್ದ ತಪ್ಪು. ಆಪ್ಟಿಮೈಸೇಶನ್ ಮಾಡದ -ಓ0 ಅದನ್ನು ಮುಚ್ಚಿಟ್ಟಿತ್ತು.

ಫರ್ಮ್‌ವೇರ್ ಬರೆಯುವವರೆಲ್ಲ ಒಮ್ಮೆಯಾದರೂ ಬೀಳುವ ಗುಂಡಿ ತೋರಿಸುತ್ತೇನೆ. ‘ಬಂತು’ ಎಂಬ ಒಂದು ಗ್ಲೋಬಲ್ ವೇರಿಯಬಲ್. ಡೇಟಾ ಬಂದಾಗ ಇಂಟರಪ್ಟ್, ಅಂದರೆ ನಡೆಯುತ್ತಿರುವ ಕೆಲಸವನ್ನು ತಡೆದು ನಡುವೆ ಓಡುವ ಕೋಡ್, ಅದನ್ನು ಒಂದು ಮಾಡುತ್ತದೆ. ಮೇನ್ ಒಳಗೆ ನೀವು ‘ಬಂತು ಸೊನ್ನೆ ಇರುವವರೆಗೆ ಸುತ್ತು’ ಅಂತ ಒಂದು ಖಾಲಿ ಲೂಪ್ ಹಾಕಿದ್ದೀರಿ. -ಓ0ನಲ್ಲಿ ಪ್ರತಿ ಸುತ್ತಿಗೂ ಮೆಮೊರಿಗೆ ಹೋಗಿ ಓದುತ್ತದೆ, ಕೆಲಸ ಆಗುತ್ತದೆ. -ಓ2ನಲ್ಲಿ ಕಂಪೈಲರ್ ಯೋಚಿಸುತ್ತದೆ: ಈ ಲೂಪಿನೊಳಗೆ ಯಾರೂ ಇದನ್ನು ಮುಟ್ಟುತ್ತಿಲ್ಲವಲ್ಲ, ಮತ್ತೆ ಮತ್ತೆ ಯಾಕೆ ಓದಲಿ? ಒಮ್ಮೆ ಓದಿ ರಿಜಿಸ್ಟರಿನಲ್ಲಿ ಇಟ್ಟುಕೊಳ್ಳುತ್ತದೆ. ಅಲ್ಲಿಗೆ ನಿಮ್ಮ ಯಂತ್ರ ಗಾಣದ ಎತ್ತಿನ ಹಾಗೆ ಅಲ್ಲೇ ಸುತ್ತುತ್ತಿರುತ್ತದೆ. ಏನಾಗುತ್ತಿದೆ ಅಂತ ನೋಡಲು ಲೂಪಿನೊಳಗೆ ಒಂದು ಪ್ರಿಂಟ್‌ಎಫ್ ಹಾಕಿ, ಸರಿಹೋಗುತ್ತದೆ! ಹೊರಗಿನ ಫಂಕ್ಷನ್ ಒಂದನ್ನು ಕರೆದ ಕೂಡಲೇ, ಅದು ಗ್ಲೋಬಲನ್ನು ಬದಲಾಯಿಸಿರಬಹುದು ಅಂತ ಕಂಪೈಲರ್ ಮತ್ತೆ ಓದಲೇಬೇಕು. ಪ್ರಿಂಟ್‌ಎಫ್ ತೆಗೆದರೆ ಮತ್ತೆ ನಿಲ್ಲುತ್ತದೆ. ನೋಡಲು ಹೋದರೆ ಮಾಯವಾಗುವ ಇಂಥ ಬಗ್‌ಗೆ ಹೈಸೆನ್‌ಬಗ್ ಅಂತಾರೆ. ಮದ್ದು ಒಂದೇ ಪದ, ವೊಲಟೈಲ್: ಈ ವೇರಿಯಬಲನ್ನು ಪ್ರತಿ ಸಲವೂ ಮೆಮೊರಿಯಿಂದಲೇ ಓದು ಅಂತ. ಆದರೆ ಪ್ರಿಂಟ್‌ಎಫ್ ಅನ್ನೇ ಮದ್ದು ಅಂದುಕೊಂಡು ಹಾಗೇ ಬಿಟ್ಟು ಕಳಿಸಿದ ಉತ್ಪನ್ನಗಳೂ ಇವೆ. ನಗಬೇಡಿ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. 2009ರಲ್ಲಿ ಲಿನಕ್ಸ್ ಕರ್ನಲ್ಲಿನ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಟನ್ ಎಂಬ ನೆಟ್‌ವರ್ಕ್ ಡ್ರೈವರಿನಲ್ಲಿ ಎರಡು ಸಾಲುಗಳ ಕ್ರಮ ಹೀಗಿತ್ತು: ಮೊದಲನೆಯದು ಪಾಯಿಂಟರಿನ (ಮೆಮೊರಿಯ ವಿಳಾಸ ಇಟ್ಟುಕೊಂಡ ವೇರಿಯಬಲ್) ಮೂಲಕ ಒಳಗಿನ ಒಂದು ಫೀಲ್ಡನ್ನು ಓದುತ್ತದೆ, ಎರಡನೆಯದು ಆ ಪಾಯಿಂಟರ್ ನಲ್, ಅಂದರೆ ಎಲ್ಲಿಗೂ ತೋರಿಸದ ಸೊನ್ನೆ ವಿಳಾಸ, ಆಗಿದೆಯೇ ಎಂದು ಪರೀಕ್ಷಿಸುತ್ತದೆ. ನೀರು ಕುಡಿದ ಮೇಲೆ ಲೋಟ ತೊಳೆದ ಹಾಗೆ. ಜಿಸಿಸಿ ಲೆಕ್ಕ ಹಾಕಿತು: ಮೊದಲೇ ಓದಿಯಾಗಿದೆ, ಹಾಗಾದರೆ ಇದು ನಲ್ ಆಗಿರಲು ಸಾಧ್ಯವೇ ಇಲ್ಲ, ಪರೀಕ್ಷೆ ದಂಡ. ಅಂತ ಆ ಪರೀಕ್ಷೆಯನ್ನೇ ಕಿತ್ತು ಹಾಕಿತು. ಸಿ ಭಾಷೆಯ ನಿಯಮದ ಪ್ರಕಾರ ಅದು ಮಾಡಿದ್ದು ಸರಿ. ಆದರೆ ಕರ್ನಲ್ಲಿನಲ್ಲಿ ಸೊನ್ನೆ ವಿಳಾಸದಲ್ಲಿ ದಾಳಿಕೋರ ತನ್ನದೇ ಮೆಮೊರಿ ಇಟ್ಟು ಕಾಯಬಹುದಾಗಿತ್ತು. ಸೋರ್ಸ್ ಓದಿದವರಿಗೆ ಪರೀಕ್ಷೆ ಕಾಣುತ್ತದೆ, ಬೈನರಿಯಲ್ಲಿ ಇಲ್ಲ. ಆ ಎರಡು ಸಾಲುಗಳನ್ನು ಸರಿ ಮಾಡಿದ್ದಲ್ಲದೆ, ನಲ್ ಪರೀಕ್ಷೆಗಳನ್ನು ಅಳಿಸಬೇಡ ಎಂದು ಕಂಪೈಲರಿಗೆ ಹೇಳುವ ಒಂದು ಫ್ಲ್ಯಾಗನ್ನು ಇಡೀ ಕರ್ನಲ್ಲಿನ ಬಿಲ್ಡಿಗೇ ಸೇರಿಸಿದರು. ಅದು ಈಗಲೂ ಅಲ್ಲಿದೆ. ಆ ಒಂದು ಫ್ಲ್ಯಾಗಿನ ಹಿಂದೆ ಇಷ್ಟು ಕಥೆ ಇದೆ ಅಂತ ಮೇಕ್‌ಫೈಲ್ ಓದಿದರೆ ಗೊತ್ತಾಗುವುದಿಲ್ಲ.

ವಿಂಡೋಸ್ ಕಡೆಯವರಿಗೆ ಒಂದೇ ಮಾತು. ಮೈಕ್ರೋಸಾಫ್ಟಿನ ಡೀಬಗ್ ರನ್‌ಟೈಮ್, ನೀವು ಪಡೆದ ಹೊಸ ಹೀಪ್ ಮೆಮೊರಿಯನ್ನು ಸಿಡಿ ಸಿಡಿ ಸಿಡಿ ಎಂಬ ಹೆಕ್ಸ್ ಬೈಟುಗಳಿಂದಲೂ, ವಾಪಸ್ ಕೊಟ್ಟದ್ದನ್ನು ಡಿಡಿ ಡಿಡಿ ಡಿಡಿ ಎಂಬವುಗಳಿಂದಲೂ ತುಂಬುತ್ತದೆ. ಡೀಬಗರಿನಲ್ಲಿ ಇವು ಕಂಡರೆ ರೋಗ ಯಾವುದು ಅಂತ ಅಲ್ಲೇ ತಿಳಿಯಿತು. ನೀವು ಪಡೆದ ತುಂಡಿನ ಎರಡೂ ಪಕ್ಕದಲ್ಲಿ ಕಾವಲಿಗೆ ನಾಲ್ಕು ನಾಲ್ಕು ಬೈಟ್ ಇಡುತ್ತದೆ. ಒಂದು ಬೈಟ್ ಆಚೆ ಬರೆದರೆ ಕಾವಲಿನ ಮೇಲೆ ಬೀಳುತ್ತದೆ, ಬೇರೆ ಯಾರಿಗೂ ಪೆಟ್ಟಾಗುವುದಿಲ್ಲ. ರಿಲೀಸಿನಲ್ಲಿ ಆ ಕಾವಲು ಇಲ್ಲ.

ಮೂರನೆಯ ಸ್ವಿಚ್ಚಿಗೆ ಬರೋಣ, ಮ್ಯಾಕ್ರೊ. ನನಗೆ ಹೆಚ್ಚು ಸಿಟ್ಟು ಇರುವುದು ಇದರ ಮೇಲೆ, ಯಾಕೆಂದರೆ ಇದು ತಪ್ಪಾದರೂ ಸದ್ದು ಮಾಡುವುದಿಲ್ಲ. ಕಾನ್ಫಿಗರೇಶನ್ನಿನಲ್ಲಿ ಒಬ್ಬರು ‘-ಡಿ ಡೀಬಗ್=0’ ಅಂತ ಬರೆದಿದ್ದರು. ಸೊನ್ನೆ, ಅಂದರೆ ಆಫ್ ಅಂತ ಅವರ ಲೆಕ್ಕ. ಕೋಡಿನಲ್ಲಿ ಇದ್ದದ್ದು ‘ಇಫ್‌ಡೆಫ್ ಡೀಬಗ್’. ಇಫ್‌ಡೆಫ್ ಕೇಳುವುದು ‘ಆ ಹೆಸರು ಇದೆಯೇ’ ಅಂತ ಮಾತ್ರ. ಬೆಲೆ ಎಷ್ಟು ಅಂತಲ್ಲ. ಹೆಸರು ಇದೆ. ಆದ್ದರಿಂದ ಆನ್. ಇದಕ್ಕೆ ತದ್ವಿರುದ್ಧವೂ ಆಗುತ್ತದೆ. ಬರೀ ‘ಇಫ್ ಡೀಬಗ್’ ಎಂದು ಬರೆದು ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ, ಪ್ರಿಪ್ರೊಸೆಸರ್ ‘ಇಂಥ ಹೆಸರು ಗೊತ್ತಿಲ್ಲ’ ಅನ್ನುವುದಿಲ್ಲ. ಗೊತ್ತಿಲ್ಲದ್ದೆಲ್ಲ ಸೊನ್ನೆ ಅಂದುಕೊಂಡು ಮುಂದೆ ಹೋಗುತ್ತದೆ. -ಡಬ್ಲ್ಯೂ ಅನ್‌ಡೆಫ್ ಎಂಬ ವಾರ್ನಿಂಗ್ ಹಾಕಿದರೆ ಮಾತ್ರ ಬಾಯಿ ಬಿಡುತ್ತದೆ. ಅದು -ಡಬ್ಲ್ಯೂ ಆಲ್ ಒಳಗೆ ಬರುವುದಿಲ್ಲ, ಕೇಳಿ ಹಾಕಿಸಿಕೊಳ್ಳಬೇಕು. ಇಫ್‌ಡೆಫ್‌ನಲ್ಲಿ ಅಕ್ಷರ ತಪ್ಪಿದರೆ ಅದೂ ಹಿಡಿಯುವುದಿಲ್ಲ. ಅದಕ್ಕೇ ನಮ್ಮಲ್ಲಿ ಇಫ್‌ಡೆಫ್ ಬಿಟ್ಟು, ಹೆಸರಿಗೆ ಯಾವತ್ತೂ ಸೊನ್ನೆ ಅಥವಾ ಒಂದು ಕೊಡುವ ಪದ್ಧತಿ ಮಾಡಿಕೊಂಡಿದ್ದೇವೆ.

ಇನ್ನೂ ಒಂದು ಕಾಯಿಲೆ ಇದೆ, ಕೊಳೆಯುವುದು. ಇಫ್‌ಡೆಫ್ ಒಳಗಿನ ಕೋಡನ್ನು ಮಾಮೂಲಿ ಬಿಲ್ಡ್ ಕಂಪೈಲ್ ಮಾಡುವುದಿಲ್ಲವಲ್ಲ. ವರ್ಷ ಕಳೆದು, ಸುತ್ತ ಇರುವ ವೇರಿಯಬಲ್‌ಗಳ ಹೆಸರೆಲ್ಲ ಬದಲಾದ ಮೇಲೆ, ಯಾವುದೋ ರಾತ್ರಿ ತುರ್ತಾಗಿ ಡೀಬಗ್ ಆನ್ ಮಾಡಿದರೆ ನಲವತ್ತು ಎರರ್. ಬಗ್ ಹುಡುಕಲು ಹೋದವನು ಡೀಬಗ್ ಕೋಡನ್ನು ರಿಪೇರಿ ಮಾಡುತ್ತಾ ಕೂರಬೇಕು. ಲಿನಕ್ಸಿನವರು ಇದಕ್ಕೆ ‘ಈಸ್ ಎನೇಬಲ್ಡ್’ ಎಂಬ ಮ್ಯಾಕ್ರೊ ಮಾಡಿಕೊಂಡಿದ್ದಾರೆ. ಅದನ್ನು ಸಾಧಾರಣ ಇಫ್ ಒಳಗೆ ಬರೆಯಬಹುದು. ಆಫ್ ಇದ್ದರೂ ಕಂಪೈಲರ್ ಒಳಗಿನದನ್ನು ಓದಿ, ವ್ಯಾಕರಣ ನೋಡಿ, ಆಮೇಲೆ ‘ಇದು ಎಂದೂ ಓಡದು’ ಅಂತ ಎಸೆಯುತ್ತದೆ. ಕೊಳೆಯಲು ಬಿಡುವುದಿಲ್ಲ. ನೀವು ನಿಮ್ಮ ಪ್ರಾಜೆಕ್ಟಿನಲ್ಲಿ ಸೊನ್ನೆ-ಒಂದರ ಪದ್ಧತಿ ಇಟ್ಟುಕೊಂಡರೆ ಸಾಧಾರಣ ಇಫ್‌ನಲ್ಲೇ ಇದನ್ನು ಮಾಡಬಹುದು.

ಹೆಸರೂ ಮುಖ್ಯ. ಡೀಬಗ್ ಅನ್ನುವ ಹೆಸರು ಊರಿನ ಎಲ್ಲ ಹುಡುಗರಿಗೂ ‘ಮಂಜು’ ಅಂತ ಇಟ್ಟ ಹಾಗೆ. ನೀವು ನಿಮ್ಮ ಕೋಡಿಗೆ ಅಂತ ಕೂಗಿದರೆ ಯಾವುದೋ ಲೈಬ್ರರಿಯ ಹೆಡರೂ ‘ಓ’ ಎನ್ನುತ್ತದೆ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ನೋಡಿ. ಅವರದು ಎಸ್‌ಕ್ಯೂಲೈಟ್_ಡೀಬಗ್. ಅದರೊಳಗೆ ಆರು ಸಾವಿರಕ್ಕೂ ಹೆಚ್ಚು ಅಸರ್ಟ್ ಇವೆ. ಎಲ್ಲ ಆನ್ ಇದ್ದರೆ ಡೇಟಾಬೇಸ್ ಸುಮಾರು ಮೂರು ಪಟ್ಟು ನಿಧಾನ. ಹಾಗಾಗಿ ಅವರು ಸಿ ಭಾಷೆಯ ಪದ್ಧತಿಯನ್ನೇ ಮಗುಚಿ ಹಾಕಿದ್ದಾರೆ: ಎಸ್‌ಕ್ಯೂಲೈಟ್_ಡೀಬಗ್ ಎಂದು ಕೇಳದಿದ್ದರೆ ಕೋಡೇ ಎನ್‌ಡೀಬಗ್ ಅನ್ನು ಡಿಫೈನ್ ಮಾಡಿಕೊಳ್ಳುತ್ತದೆ. ಬಿಲ್ಡ್ ಮಾಡುವವರ ನೆನಪಿನ ಮೇಲೆ ಬಿಟ್ಟಿಲ್ಲ. ಅವರ ಇನ್ನೊಂದು ಉಪಾಯ ನನಗೆ ಬಹಳ ಇಷ್ಟ: ‘ಆಲ್ವೇಸ್’ ಮತ್ತು ‘ನೆವರ್’ ಎಂಬ ಎರಡು ಮ್ಯಾಕ್ರೊ. ‘ಈ ಷರತ್ತು ಯಾವಾಗಲೂ ನಿಜ ಅಂತ ನಮ್ಮ ನಂಬಿಕೆ, ಆದರೂ ಪರೀಕ್ಷಿಸುತ್ತೇವೆ’ ಎನ್ನುವ ಕಡೆ ಆಲ್ವೇಸ್ ಬರೆಯುತ್ತಾರೆ. ಡೀಬಗ್ ಬಿಲ್ಡಿನಲ್ಲಿ ನಂಬಿಕೆ ಸುಳ್ಳಾದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಗ್ರಾಹಕರಿಗೆ ಹೋಗುವ ಬಿಲ್ಡಿನಲ್ಲಿ ಅದು ಮಾಮೂಲಿ ಇಫ್ ಆಗಿ ಉಳಿದು ರಕ್ಷಣೆ ಕೊಡುತ್ತದೆ. ಅಸರ್ಟ್ ಹಾಗಲ್ಲ, ಹೋದರೆ ಪೂರ್ತಿ ಹೋಯಿತು.

ಈಗ ಸ್ವಲ್ಪ ನಿಧಾನವಾಗಿ ಒಂದು ಪ್ರಕರಣ ನೋಡೋಣ. ಡೀಬಗ್ ಮ್ಯಾಕ್ರೊ ಒಂದರ ಪಕ್ಕದಲ್ಲೇ ನಡೆದದ್ದು, ಇದಕ್ಕಿಂತ ದುಬಾರಿ ಪಾಠ ನನಗೆ ಗೊತ್ತಿಲ್ಲ.

ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿಯ ಲೈಬ್ರರಿಯ ಒಳಗೆ ಯಾದೃಚ್ಛಿಕ ಸಂಖ್ಯೆ, ಅಂದರೆ ಯಾರೂ ಊಹಿಸಲಾಗದ ಸಂಖ್ಯೆ ತಯಾರಿಸುವ ಭಾಗ ಇದೆ. ನಿಮ್ಮ ಎಸ್‌ಎಸ್‌ಎಚ್ ಕೀ, ವೆಬ್‌ಸೈಟಿನ ಸರ್ಟಿಫಿಕೇಟ್, ಎಲ್ಲದರ ಬೇರು ಅಲ್ಲಿದೆ. ಹಲವು ಕಡೆಯಿಂದ ಬಂದ ಬೈಟುಗಳನ್ನು ಒಂದು ಕೊಳಕ್ಕೆ ಸುರಿದು ಕಲಸುತ್ತದೆ. ಅದರಲ್ಲಿ ಎರಡು ಜಾಗದಲ್ಲಿ ಅಚ್ಚು ಹೊಡೆದಂತೆ ಒಂದೇ ಸಾಲು. ಒಂದು ಫಂಕ್ಷನ್ನಿನಲ್ಲಿ ಆ ಸಾಲು, ಕೊಟ್ಟ ಬೀಜವನ್ನು, ಅಂದರೆ ಹೊರಗಿಂದ ಬಂದ ಆ ಬೈಟುಗಳನ್ನು, ಕೊಳಕ್ಕೆ ಸೇರಿಸುತ್ತದೆ. ಅದು ಪ್ರಾಣ. ಇನ್ನೊಂದರಲ್ಲಿ, ಕರೆದವರು ಕೊಟ್ಟ ಖಾಲಿ ಬಫರಿನಲ್ಲಿ ಇದ್ದಬಿದ್ದ ಕಸವನ್ನೂ ಸೇರಿಸುತ್ತದೆ. ಇದ್ದರೆ ಇರಲಿ ಎನ್ನುವ ಲೆಕ್ಕ. ಈ ಎರಡನೆಯದನ್ನು ನೋಡಿದರೆ ಪ್ಯೂರಿಫೈ, ವ್ಯಾಲ್‌ಗ್ರೈಂಡ್‌ನಂಥ ಸಲಕರಣೆಗಳು ‘ಇನಿಷಿಯಲೈಸ್ ಮಾಡದ ಮೆಮೊರಿ ಓದುತ್ತಿದ್ದೀರಿ’ ಎಂದು ಬೊಬ್ಬೆ ಹಾಕುತ್ತಿದ್ದವು. ಅದಕ್ಕೇ ಓಪನ್‌ಎಸ್‌ಎಸ್‌ಎಲ್‌ನವರು ಎರಡನೆಯ ಸಾಲಿನ ಸುತ್ತ ಒಂದು ಬೇಲಿ ಹಾಕಿದ್ದರು: ‘ಇಫ್‌ಎನ್‌ಡೆಫ್ ಪ್ಯೂರಿಫೈ’. ಅಂದರೆ -ಡಿ ಪ್ಯೂರಿಫೈ ಎಂದು ಹೇಳಿ ಬಿಲ್ಡ್ ಮಾಡಿದರೆ ಮಾತ್ರ ಆ ಸಾಲು ಮಾಯ. ಮೊದಲನೆಯದಕ್ಕೆ ಬೇಲಿ ಇರಲಿಲ್ಲ, ಇರಬಾರದು ಕೂಡ.

2006ರಲ್ಲಿ ಡೆಬಿಯನ್‌ನಲ್ಲಿ ವ್ಯಾಲ್‌ಗ್ರೈಂಡಿನ ದೂರು ನಿಲ್ಲಿಸಲು ಎರಡೂ ಸಾಲುಗಳನ್ನು ಕಾಮೆಂಟ್ ಮಾಡಿದರು. ಬರೀ ಡೀಬಗ್ ಬಿಲ್ಡಿನಲ್ಲಲ್ಲ, ಎಲ್ಲರಿಗೂ ಹೋಗುವ ಪ್ಯಾಕೇಜಿನಲ್ಲಿ. ವಾರ್ನಿಂಗ್ ನಿಂತಿತು. ಕೊಳಕ್ಕೆ ಬೀಜ ಬೀಳುವುದೂ ನಿಂತಿತು. ಉಳಿದದ್ದು ಪ್ರೋಸೆಸ್ಸಿನ ನಂಬರ್ ಒಂದೇ. ಲಿನಕ್ಸಿನಲ್ಲಿ ಆಗ ಅದರ ಗರಿಷ್ಠ ಮಿತಿ 32,768. ಅಂದರೆ ಒಂದು ಬಗೆಯ ಯಂತ್ರದಲ್ಲಿ, ಒಂದು ಅಳತೆಯ ಕೀಗೆ, ಜಗತ್ತಿನಲ್ಲಿ ಹುಟ್ಟಬಹುದಾದ ಕೀಗಳು ಹೆಚ್ಚುಕಡಿಮೆ ಅಷ್ಟೇ. ಎಲ್ಲವನ್ನೂ ಮೊದಲೇ ತಯಾರಿಸಿಟ್ಟುಕೊಂಡು ಒಂದೊಂದನ್ನೇ ಹಾಕಿ ನೋಡಬಹುದು. 2008ರ ಮೇ ತಿಂಗಳಲ್ಲಿ ಲುಚಿಯಾನೊ ಬೆಲ್ಲೊ ಇದನ್ನು ಕಂಡುಹಿಡಿದದ್ದು ಪ್ರಕಟವಾಗುವವರೆಗೆ, ಸುಮಾರು 20 ತಿಂಗಳು, ಡೆಬಿಯನ್ ಮತ್ತು ಅದರಿಂದ ಹುಟ್ಟಿದ ಉಬುಂಟುವಿನಂಥವುಗಳಲ್ಲಿ ಓಪನ್‌ಎಸ್‌ಎಸ್‌ಎಲ್‌ನಿಂದ ತಯಾರಾದ ಕೀಗಳೆಲ್ಲ ಹೀಗೇ. ಪ್ಯಾಕೇಜ್ ಅಪ್‌ಡೇಟ್ ಮಾಡಿದರೆ ಸಾಲದು. ಅಷ್ಟೂ ಕೀಗಳನ್ನು ಎಸೆದು ಹೊಸದಾಗಿ ಮಾಡಿಕೊಳ್ಳಬೇಕಾಯಿತು.

ಅವರನ್ನು ಆಡಿಕೊಳ್ಳುವುದು ಸುಲಭ. ನಾನು ಆಡಿಕೊಳ್ಳುವುದಿಲ್ಲ. ನೋಡಲು ಒಂದೇ ಥರ ಇರುವ ಎರಡು ಸಾಲು. ಒಂದಕ್ಕೆ ಬೇಲಿ ಇದೆ, ಇನ್ನೊಂದಕ್ಕೆ ಇಲ್ಲ. ಯಾಕೆ ಇಲ್ಲ ಅಂತ ಯಾರೂ ಬರೆದಿಟ್ಟಿಲ್ಲ. ಬೇಲಿ ಇಲ್ಲದಿರುವುದೂ ಒಂದು ಮಾಹಿತಿ ಅಂತ ಓದುವವರಿಗೆ ಹೇಗೆ ಹೊಳೆಯಬೇಕು?

ಇನ್ನು ಬಿಲ್ಡ್ ಫೈಲಿನ ಬಗ್ಗೆ ಬೇಗ ಬೇಗ ನಾಲ್ಕು ಮಾತು. ಯಾವ ಫೈಲನ್ನು ಮತ್ತೆ ಕಂಪೈಲ್ ಮಾಡಬೇಕು ಅಂತ ನೋಡಿಕೊಳ್ಳುವ ಮೇಕ್ ಬರೆದದ್ದು ಸ್ಟುವರ್ಟ್ ಫೆಲ್ಡ್‌ಮನ್, 1976ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ. ಅದು ನೋಡುವುದು ಫೈಲಿನ ಸಮಯ ಮಾತ್ರ: ಸೋರ್ಸ್ ಹೊಸದೇ, ಆಬ್ಜೆಕ್ಟ್ (ಅದನ್ನು ಕಂಪೈಲ್ ಮಾಡಿದ ಫೈಲ್) ಹಳೆಯದೇ. ನೀವು ಸಿಫ್ಲ್ಯಾಗ್ಸ್, ಅಂದರೆ ಕಂಪೈಲರಿಗೆ ಕೊಡುವ ಫ್ಲ್ಯಾಗುಗಳ ಪಟ್ಟಿ, ಬದಲಾಯಿಸಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಡೀಬಗ್ ಹಾಕಿ ಮೇಕ್ ಅಂದರೆ, ನೀವು ಈಗ ಮುಟ್ಟಿದ ಎರಡು ಫೈಲ್ ಮಾತ್ರ ಹೊಸ ಫ್ಲ್ಯಾಗಿನಲ್ಲಿ, ಉಳಿದ ಮೂವತ್ತು ಹಳೆಯದರಲ್ಲಿ. ಹೆಡರಿನೊಳಗಿನ ಒಂದು ಸ್ಟ್ರಕ್ಟಿನಲ್ಲಿ ಡೀಬಗ್ ಇದ್ದಾಗ ಮಾತ್ರ ಬರುವ ಒಂದು ಫೀಲ್ಡ್ ಇದೆ ಅಂದುಕೊಳ್ಳಿ. ಎರಡು ಫೈಲುಗಳ ಲೆಕ್ಕದಲ್ಲಿ ಸ್ಟ್ರಕ್ಟ್ 24 ಬೈಟ್, ಮೂವತ್ತರ ಲೆಕ್ಕದಲ್ಲಿ 16. ಲಿಂಕರ್ ಖುಷಿಯಾಗಿ ಜೋಡಿಸುತ್ತದೆ. ಒಂದು ಕಡೆ ಬರೆದ ವಯಸ್ಸು ಇನ್ನೊಂದು ಕಡೆ ಫೋನ್ ನಂಬರಾಗಿ ಓದುತ್ತದೆ. ‘ಮೇಕ್ ಕ್ಲೀನ್ ಮಾಡಿ ನೋಡು’ ಅನ್ನುವ ಮನೆಮದ್ದು ಹುಟ್ಟಿದ್ದು ಇಲ್ಲಿ. ಮದ್ದು ಕೆಲಸ ಮಾಡುತ್ತದೆ, ಆದರೆ ರೋಗ ಏನಿತ್ತು ಅಂತ ಯಾರೂ ಕೇಳುವುದಿಲ್ಲ. ನಿಂಜಾ ಮತ್ತು ಕರ್ನಲ್ಲಿನ ಬಿಲ್ಡ್ ವ್ಯವಸ್ಥೆ ಹಿಂದಿನ ಸಲ ಓಡಿಸಿದ ಆಜ್ಞೆಯನ್ನೂ ನೆನಪಿಟ್ಟುಕೊಂಡು, ಫ್ಲ್ಯಾಗ್ ಬದಲಾದರೆ ತಾವೇ ಮತ್ತೆ ಕಟ್ಟುತ್ತವೆ. ಮೇಕ್ ಬಳಸುವವರು ಡೀಬಗ್‌ಗೆ ಒಂದು ಫೋಲ್ಡರ್, ರಿಲೀಸ್‌ಗೆ ಒಂದು ಫೋಲ್ಡರ್ ಇಟ್ಟುಕೊಳ್ಳಿ. ಜಾಗ ಹೋದರೆ ಹೋಗಲಿ.

ಸಿಮೇಕ್‌ನಲ್ಲಿ ‘ಬಿಲ್ಡ್ ಟೈಪ್ ಡೀಬಗ್ ಆಗಿದ್ದರೆ’ ಅಂತ ಇಫ್ ಬರೆಯಬೇಡಿ. ವಿಶುವಲ್ ಸ್ಟುಡಿಯೊ, ಎಕ್ಸ್‌ಕೋಡ್‌ಗಳಲ್ಲಿ ಕಾನ್ಫಿಗರ್ ಮಾಡುವ ಹೊತ್ತಿಗೆ ಬಿಲ್ಡ್ ಯಾವುದು ಅಂತ ತೀರ್ಮಾನವೇ ಆಗಿರುವುದಿಲ್ಲ, ನಿಮ್ಮ ಇಫ್ ಸುಮ್ಮನೆ ಸುಳ್ಳಾಗುತ್ತದೆ. ಅಲ್ಲಿ, ಪ್ರತಿ ಬಿಲ್ಡ್ ಟೈಪಿಗೂ ಬೇರೆ ಬೇರೆಯಾಗಿ ಬೆಲೆ ಕಟ್ಟುವ ಜನರೇಟರ್ ಎಕ್ಸ್‌ಪ್ರೆಶನ್ ಬೇಕು. ಕಣ್ಣಿಗೆ ಚಂದವಿಲ್ಲ, ಒಪ್ಪುತ್ತೇನೆ. ಮತ್ತೆ, ಓ ಫ್ಲ್ಯಾಗ್ ಎರಡು ಸಲ ಬಂದರೆ ಕೊನೆಯದ್ದೇ ಗೆಲ್ಲುತ್ತದೆ. ನೀವು ಒಂದು ಕಡೆ -ಓ2 ಬರೆದು, ಸಿಮೇಕ್ ಅದರ ಹಿಂದೆ ತನ್ನ -ಓ3 ಸೇರಿಸಿದ್ದರೆ ಯಾವುದು ಓಡಿತು ಅಂತ ವಾದ ಮಾಡುವ ಬದಲು ವರ್ಬೋಸ್ ಹಾಕಿ ಪೂರ್ತಿ ಆಜ್ಞೆಯನ್ನು ಕಣ್ಣಾರೆ ನೋಡಿ. ಬಿಲ್ಡ್ ಬಗ್ಗೆ ಜಗಳ ಬಂದಾಗ ನಾನು ಬೇರೆ ಸಾಕ್ಷಿ ಕೇಳುವುದಿಲ್ಲ.

ಪ್ರಶ್ನೆಗಳ ಹೊತ್ತಿನಲ್ಲಿ ಮುಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಕೇಳಿದರು: ‘ಸರ್, ಟೆಸ್ಟ್ ಮಾಡೋದು ಯಾವ ಬಿಲ್ಡಲ್ಲಿ? ಡೀಬಗ್ಗಾ, ರಿಲೀಸಾ?’

ಎರಡರಲ್ಲೂ, ಆದರೆ ಒಂದನ್ನೇ ಆರಿಸಿ ಎಂದರೆ ಹೊರಗೆ ಹೋಗುವುದರಲ್ಲಿ ಎಂದೆ. ಮೇಜಿನ ಮೇಲೆ ಎರಡು ತಿಂಗಳು ಓಡಿದ್ದು ಡೇರಿಗೆ ಹೋದ ಪ್ರೋಗ್ರಾಮೇ ಅಲ್ಲವಲ್ಲ. ಈಗ ನಮ್ಮಲ್ಲಿ ಯಂತ್ರ ಆನ್ ಆದ ಕೂಡಲೇ ಒಂದು ಸೆಕೆಂಡ್ ಪರದೆಯ ಮೇಲೆ ಆವೃತ್ತಿಯ ಸಂಖ್ಯೆ, ಪಕ್ಕದಲ್ಲಿ ಯಾವ ಬಿಲ್ಡ್ ಅಂತ ಒಂದಕ್ಷರ ಬರುತ್ತದೆ. ಫೋನಿನಲ್ಲಿ ಮೊದಲು ಅದನ್ನೇ ಕೇಳುತ್ತೇವೆ.

ಹಿಂದಿನ ಸಾಲಿನ ಒಬ್ಬ ಹುಡುಗ ಬಿಡಲಿಲ್ಲ: ‘ಆ ಅಸರ್ಟ್ ಸಾಲು ಈಗ ಹೇಗಿದೆ ಸರ್?’

ಅದೂ ಒಂದು ಕಥೆ. ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಒಂದು ಸಾಲನ್ನು ಎರಡು ಮಾಡಿದೆ.

ಫಲ = ಕ್ಯಾಲಿಬ್ರೇಶನ್_ಉಳಿಸು(ಬೆಲೆ);
ಅಸರ್ಟ್(ಫಲ == ಸರಿ);

ಉಳಿಸುವುದು ಈಗ ಅಸರ್ಟಿನ ಹೊರಗೆ ಬಂತು. ಆದರೆ ರಿಲೀಸಿನಲ್ಲಿ ಎರಡನೆಯ ಸಾಲು ಮಾಯವಾಗುವುದರಿಂದ ‘ಫಲ’ವನ್ನು ಯಾರೂ ಓದುವುದಿಲ್ಲ. ಕಂಪೈಲರ್ ವಾರ್ನಿಂಗ್ ಕೊಡತೊಡಗಿತು: ಬೆಲೆ ಕೊಟ್ಟಿದ್ದೀರಿ, ಬಳಸಿಲ್ಲ. ಕೆಲವು ತಿಂಗಳು ಕಳೆದು ಹೊಸದಾಗಿ ಸೇರಿದ ಹುಡುಗನೊಬ್ಬ ವಾರ್ನಿಂಗ್‌ಗಳನ್ನೆಲ್ಲ ಸ್ವಚ್ಛ ಮಾಡುವ ಉತ್ಸಾಹದಲ್ಲಿ ಒಂದು ಬದಲಾವಣೆ ಕಳಿಸಿದ. ರಿವ್ಯೂ ಮಾಡಲು ತೆರೆದರೆ, ಬಳಸದ ಆ ವೇರಿಯಬಲ್ ಇದ್ದ ಸಾಲನ್ನು ಪೂರ್ತಿ ಅಳಿಸಿದ್ದಾನೆ. ಉಳಿಸುವ ಕರೆಯೂ ಅದರ ಜೊತೆಗೇ ಹೋಗಿದೆ. ಡೆಬಿಯನ್ ನೆನಪಾಗಿ ಮೈ ಜುಂ ಅಂದಿತು.

ಅವನನ್ನು ಬೈಯಲಿಲ್ಲ. ಕೂತು ನೋಡಿದಾಗ ತಪ್ಪು ಇನ್ನೂ ಹಿಂದಿತ್ತು. ಫ್ಲ್ಯಾಶಿಗೆ ಬರೆಯಲು ಆಗದಿರುವುದು ಪ್ರೋಗ್ರಾಮರಿನ ತಪ್ಪಲ್ಲ, ಚಿಪ್ ಹಳೆಯದಾದರೆ ನಿಜಕ್ಕೂ ಆಗುವಂಥದ್ದು. ಅಸರ್ಟ್ ಇರುವುದು ಎಂದೂ ಆಗಬಾರದ್ದಕ್ಕೆ, ಆಗಬಹುದಾದದ್ದಕ್ಕೆ ಇಫ್. ಈಗ ಆ ಜಾಗದಲ್ಲಿ ಅಸರ್ಟ್ ಇಲ್ಲ. ಉಳಿಸಲು ಆಗದಿದ್ದರೆ ಪರದೆಯ ಮೇಲೆ ಇ-4 ಅಂತ ಮಿನುಗುತ್ತದೆ, ಕ್ಯಾನ್ ಇಟ್ಟರೂ ತೂಕ ತೋರಿಸುವುದಿಲ್ಲ. ಡೇರಿಯವರು ಬೈದುಕೊಂಡೇ ಫೋನ್ ಮಾಡುತ್ತಾರೆ. ಯಾವ ಫ್ಲ್ಯಾಗ್ ಹಾಕಿ ಬಿಲ್ಡ್ ಮಾಡಿದರೂ ಮಾಡುತ್ತಾರೆ.